ಎರಡನ್ನು ಒತ್ತಿ

ನಾನು ಬೈಸಿಕೊಂಡು ಸಂಬಳ ತಗೊಂಡವಳು. ಕೂಡ್ಲಿಗಿಯ ಟೆಲಿಫೋನ್ ಆಫೀಸಿನಲ್ಲಿ ಮೊದಲು ಆಪರೇಟರ್ ಆಗಿ, ಆಮೇಲೆ ದೂರು ಬರೆದುಕೊಳ್ಳುವವಳಾಗಿ ಸುಮಾರು ಮೂವತ್ತು ವರ್ಷ ಕೂತೆ. ಬೆಳಿಗ್ಗೆ ಹತ್ತಕ್ಕೆ ಕುರ್ಚಿ ಎಳೆದುಕೊಂಡರೆ ಸಂಜೆ ಐದರವರೆಗೆ ಯಾರಾದರೊಬ್ಬರು ನನ್ನ ಕಿವಿಗೆ ಬಾಯಿ ಹಚ್ಚಿ ಬೈಯುತ್ತಿದ್ದರು. ಮನೆಯಲ್ಲಿ ಗಂಡ ಅರ್ಧ ಮಾತು ಅಂದರೆ ಮೂರು ದಿನ ಮುಖ ಊದಿಸಿಕೊಳ್ಳುತ್ತಿದ್ದ ನಾನೇ, ಆಫೀಸಿನಲ್ಲಿ ಎಂಥ ಬೈಗುಳ ಬಂದರೂ "ಹೂಂನ್ರಿ, ಬರಕೊಂಡೀನ್ರಿ" ಅನ್ನುತ್ತಿದ್ದೆ. "ಆ ಸಹನೆ ಮನೀಗೂ ಒಂದೀಟು ತಗೊಂಡು ಬಾರೇ ಮಾರಾಯ್ತಿ" ಅಂತ ಅವರು ನಗುತ್ತಿದ್ದರು. ಅದನ್ನು ನಾನು ಕೊನೆಗೂ ತರಲಿಲ್ಲ.

ಈಗ ಇದನ್ನೆಲ್ಲ ಬರೆಯುವುದಕ್ಕೆ ಪಕ್ಕದ ಮನೆಯ ನೇತ್ರಾ ಕಾರಣ. ಅವಳು ಯಾವುದೋ ಮಿಕ್ಸಿ ಕಂಪನಿಯ ಗಿರಾಕಿಗಳಿಗೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಉತ್ತರ ಬರೆಯುವ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಮುಖ ಸಣ್ಣ ಮಾಡಿಕೊಂಡು ಬಂದಳು. "ಅಜ್ಜಿ, ಒಬ್ಬಾತ ನನ್ನ 'ನೀವು ಮನುಷ್ಯರೋ ಮಷೀನೋ' ಅಂತ ಕೇಳಿಬಿಟ್ಟ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಸಿಟ್ಟು ಬಂತು. ಸಮಾಧಾನ ಮಾಡಲು ಚಹಾ ಕೊಟ್ಟು, ಇದೇ ಪ್ರಶ್ನೆಯನ್ನು ನಾನೂ ಒಮ್ಮೆ ಕೇಳಿಸಿಕೊಂಡಿದ್ದೆ, ಅದಕ್ಕೊಂದು ಕಥೆಯಿದೆ ಅಂದೆ. "ಬರೆದು ಕೊಡ್ರಿ" ಅಂದಳು. ನನ್ನ ಬಡ್ತಿ, ಇಂಕ್ರಿಮೆಂಟು ಎಲ್ಲ ಸರ್ವೀಸ್ ಪುಸ್ತಕದಲ್ಲಿವೆ, ಅಲ್ಲೇ ಇರಲಿ. ಆ ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ಮೊದಲಿಗೆ ನನ್ನ ಅತಿ ದೊಡ್ಡ ತಪ್ಪನ್ನೇ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಅದೇ ಬುನಾದಿ. ತೊಂಬತ್ತರ ದಶಕದ ಆರಂಭದ ಮಾತು. ಆಗ ಬೋರ್ಡಿನ ಮುಂದೆ ಕೂತು ಈ ತೂತಿನ ವೈರು ಆ ತೂತಿಗೆ ಚುಚ್ಚಿ ನಾವೇ ಊರೂರಿಗೆ ಮಾತು ಜೋಡಿಸುತ್ತಿದ್ದೆವು. ಒಂದು ಮಧ್ಯಾಹ್ನ ಹಡಗಲಿಯಿಂದ ಒಬ್ಬರು ಹಿರಿಯರು, "ಕೊಟ್ಟೂರಿನ ಕೊಟ್ರೇಶಪ್ಪಗ ಕೊಡವ್ವ" ಅಂದರು. ಕೊಟ್ಟೂರಿನಲ್ಲಿ ಬೀದಿಯಲ್ಲಿ ನಿಂತು "ಕೊಟ್ರೇಶಾ" ಅಂತ ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಹೆಣ್ಣುಮಕ್ಕಳಲ್ಲೂ ಕೊಟ್ರಮ್ಮಗಳೇ, ನಾನೇ ಒಬ್ಬಳು. ಆದರೂ ಆವತ್ತು ಬುದ್ಧಿ ಎಲ್ಲಿಟ್ಟಿದ್ದೆನೋ, ಯಾವ ಕೊಟ್ರೇಶಪ್ಪ ಅಂತ ಕೇಳದೆ ಕಾಳಿನ ಅಂಗಡಿಯ ಕೊಟ್ರೇಶಪ್ಪನವರಿಗೆ ಚುಚ್ಚಿಬಿಟ್ಟೆ. ಅವರಿಗೆ ಬೇಕಾಗಿದ್ದದ್ದು ನಿವೃತ್ತ ಮೇಷ್ಟ್ರು ಕೊಟ್ರೇಶಪ್ಪನವರು.

ಹಡಗಲಿಯವರು "ಗುರುವಾರ ಹುಡುಗೀನ ನೋಡಾಕ ಬರ್ತೀವ್ರಿ" ಅಂದರು. ಕಾಳಿನ ಅಂಗಡಿಯವರ ಮನೆಯಲ್ಲೂ ಮದುವೆ ವಯಸ್ಸಿನ ಮಗಳಿದ್ದಳು. ಯಾರೋ ನೆಂಟರು ಹೇಳಿ ಕಳಿಸಿರಬೇಕು ಅಂದುಕೊಂಡು ಅವರು "ಬರ್ರಿ ಬರ್ರಿ, ಊಟಕ್ಕ ಬರ್ರಿ" ಅಂದರು. ಗುರುವಾರ ಹೋಗಿ, ಹೋಳಿಗೆ ಉಂಡು, ಹುಡುಗಿ ನೋಡಿ, ಹುಡುಗನಿಗೆ ಹುಡುಗಿ, ಹುಡುಗಿಗೆ ಹುಡುಗ ಒಪ್ಪಿಗೆಯಾದ ಮೇಲೆ ಮೇಷ್ಟ್ರ ಪ್ರಸ್ತಾಪ ಬಂದು ಗುಟ್ಟು ಒಡೆಯಿತು. ಎರಡೂ ಕಡೆಯವರು ಸೇರಿ ನನ್ನ ಮೇಲೆ ದೂರು ಕೊಡುತ್ತಾರೆ ಅಂತ ನಾನು ಹೆದರಿ ಕೂತಿದ್ದರೆ, ಬಂದದ್ದು ಲಗ್ನಪತ್ರಿಕೆ! ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಇಲ್ಲಿ ನಡುವೆ ನಾನೂ ಒಂದು ಬಗೆದಿದ್ದೆ. ಮೇಷ್ಟ್ರು ಮಾತ್ರ ಒಂದು ವರ್ಷ ನನ್ನ ಧ್ವನಿ ಕೇಳಿದರೆ ಫೋನ್ ಇಡುತ್ತಿದ್ದರು. ಅವರ ಮಗಳಿಗೂ ಹರಪನಹಳ್ಳಿಯಲ್ಲಿ ಒಳ್ಳೆಯ ಮನೆ ಸಿಕ್ಕ ಮೇಲೆ ಅವರ ಸಿಟ್ಟೂ ಇಳಿಯಿತು.

ಆವತ್ತಿನಿಂದ ನಾನು ಯಾರೇ ಏನೇ ಕೇಳಲಿ, ಇನ್ನೊಂದು ಪ್ರಶ್ನೆ ಹಾಕದೆ ಬಿಡುತ್ತಿರಲಿಲ್ಲ. ನೇತ್ರಾ, ನಿನ್ನ ಕೆಲಸಕ್ಕೆ ನಾನು ಕೊಡಬಹುದಾದ ಬುದ್ಧಿ ಇಷ್ಟೇ. ಇನ್ನೊಂದು ಪ್ರಶ್ನೆ ಕೇಳು.

ಕೆಲವು ವರ್ಷಕ್ಕೆ ಬೋರ್ಡು ಹೋಗಿ, ಜನ ತಾವೇ ನಂಬರು ಹಚ್ಚಿಕೊಳ್ಳುವ ಯಂತ್ರ ಬಂತು. ನನ್ನನ್ನು ದೂರಿನ ಕೋಣೆಗೆ ಹಾಕಿದರು. ಒಂದು ಮೇಜು, ಒಂದು ಫೋನು, ಕಿಟಕಿಯಾಚೆ ಬೇವಿನ ಮರ. ಫೋನು ಕೆಟ್ಟವರು ಬೇರೆ ಎಲ್ಲಿಂದಲೋ ದೂರಿನ ನಂಬರಿಗೆ ಫೋನ್ ಮಾಡಿ ಬೈಯುವುದು, ನಾನು ಚೀಟಿ ಬರೆಯುವುದು, ಲೈನ್‌ಮನ್ ದುರುಗಪ್ಪ ಮೊಪೆಡ್ ಹತ್ತಿ ಹೋಗಿ ಸರಿಮಾಡಿ ಬರುವುದು. ದುರುಗಪ್ಪ ಗಾಳಿ ಮಾತಿಗೂ ಕಂಬ ಹತ್ತುವಂಥ ಚುರುಕಿನ ಮನುಷ್ಯ. ಆದರೆ ಸುಮ್ಮನೆ ಹತ್ತಿಸಿದರೆ ಕೆಳಗಿಳಿದು ಬಂದು ನನ್ನ ವಂಶವನ್ನೆಲ್ಲ ಮಾತಾಡಿಸುತ್ತಿದ್ದ.

ಒಮ್ಮೆ ಹೂವಿನಹಡಗಲಿ ರಸ್ತೆಯ ಹಳ್ಳಿಗೆ ಮೂವತ್ತು ಕಿಲೋಮೀಟರ್ ಹೋಗಿ ಬಂದು, ಟವಲ್ ಕೊಡವುತ್ತಾ, "ಯಕ್ಕಾ, ರಿಸೀವರ್ ಸೊಟ್ಟ ಕುಂತಿತ್ತು. ಅದನ್ನ ನೆಟ್ಟಗ ಕುಂದ್ರಿಸಿ ಬಂದೆ. ಇದಕ್ಕ ನಾ ಯಾಕ ಬೇಕಿತ್ತು? ಕೋಳಿ ಬಂದು ಕುಂತಿದ್ರೂ ಸರಿಯಾಗತಿತ್ತು" ಅಂದ.

ಅಲ್ಲಿಂದ ಚೀಟಿ ಬರೆಯುವ ಮೊದಲೇ ಕೇಳತೊಡಗಿದೆ. "ರಿಸೀವರ್ ನೆಟ್ಟಗ ಕುಂತೈತೇನ್ರಿ? ವೈರು ಕಿತ್ತೈತೇನ್ ಹೋಗಿ ನೋಡ್ರಿ. ಮನ್ಯಾಗ ಸುಣ್ಣ ಹಚ್ಚಿದ್ರೇನು?" ದೂರಿನಲ್ಲಿ ಅರ್ಧದಷ್ಟು ಆ ಪ್ರಶ್ನೆಗಳಲ್ಲೇ ವಾಸಿಯಾಗುತ್ತಿದ್ದವು. ಕೋಗಳಿಯ ಒಬ್ಬ ಮೇಷ್ಟ್ರ ಫೋನು ದಿನಾ ಸಂಜೆ ಏಳಕ್ಕೆ ಸತ್ತು ಬೆಳಿಗ್ಗೆ ಜೀವ ಪಡೆಯುತ್ತಿತ್ತು. ದುರುಗಪ್ಪ ಎರಡು ಸಲ ಹೋಗಿ ತಲೆ ಕೆರೆದುಕೊಂಡು ಬಂದ. ಒಂದು ದಿನ ಬೆಳಿಗ್ಗೆ ನಾನೇ ಆ ಮನೆಗೆ ಫೋನ್ ಮಾಡಿದೆ. ಮೇಷ್ಟ್ರ ಹೆಂಡತಿ ಎತ್ತಿದರು. ಅದೂ ಇದೂ ಮಾತಾಡಿ, "ಸಂಜಿ ಫೋನಿಗೆ ಏನಾಗತೈತಿ ಅಕ್ಕಾರ?" ಅಂದೆ. ಆಕೆ ಧ್ವನಿ ತಗ್ಗಿಸಿ, "ಏನಾಗತೈತಿ, ನಾನ ತೆಗೆದಿಡತೀನಿ. ಉಣ್ಣಾಕ ಕುಂತ್ರ ಎದ್ದು ಎದ್ದು ಹೊಕ್ಕಾರ. ರೊಟ್ಟಿ ಆರಿ ಹೊಕ್ಕಾವ. ನೀನೂ ಹೆಣ್ಣಮಗಳದೀ, ಹೇಳಬ್ಯಾಡ" ಅಂದರು. ನಾನು ಚೀಟಿಯಲ್ಲಿ "ಇಲಿ ಕಾಟ, ತಾನಾಗಿಯೇ ಸರಿಹೋಗಿದೆ" ಅಂತ ಬರೆದು ಮುಗಿಸಿದೆ. ಸುಳ್ಳು ಬರೆದದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಇನ್ನು ನನ್ನ ಜಿಪುಣತನದ ಮಾತು. ನಮ್ಮವ್ವ ಹುಣಸೆಹಣ್ಣು ಕಿವುಚಿದ ಸಿಪ್ಪೆಯಿಂದ ತಂಬಿಗೆ ತಿಕ್ಕಿ, ತಿಕ್ಕಿದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದವಳು. ಆ ರಕ್ತ ಆಫೀಸಿಗೆ ಬಂದರೆ ಬದಲಾಗುತ್ತದೆಯೇ? ಬೋರ್ಡು ಮುಚ್ಚಿದಾಗ ಟ್ರಂಕ್ ಕಾಲ್ ಬರೆದುಕೊಳ್ಳುತ್ತಿದ್ದ, ಒಂದು ಬದಿ ಖಾಲಿಯಿದ್ದ ಹಳೇ ಟಿಕೆಟ್ಟಿನ ಕಟ್ಟುಗಳನ್ನು ಸುಡಲು ಹೊರಗೆ ಹಾಕಿದ್ದರು. ಕೇಳಿ ಒಳಗೆ ತಂದಿಟ್ಟುಕೊಂಡೆ. ಐದಾರು ವರ್ಷ ದೂರಿನ ಚೀಟಿಗೆ ಹೊಸ ಕಾಗದ ಮುಟ್ಟಲಿಲ್ಲ. ಹಳೇ ಸೀರೆಯೊಂದನ್ನು ಹರಿದು ಐದು ಕಿಸೆ ಇರುವ ಪಟ್ಟಿ ಹೊಲಿದು ಗೋಡೆಗೆ ಹಾಕಿದೆ. ಗುಡೇಕೋಟೆ ದಿಕ್ಕು, ಕೊಟ್ಟೂರು ದಿಕ್ಕು, ಹಗರಿಬೊಮ್ಮನಹಳ್ಳಿ ದಿಕ್ಕು, ಹೀಗೆ ದಿಕ್ಕಿಗೊಂದು ಕಿಸೆ. ಒಂದು ಕಿಸೆಯಲ್ಲಿ ನಾಲ್ಕು ಚೀಟಿ ಕೂಡಿದ ಮೇಲೆ ದುರುಗಪ್ಪ ಆ ದಿಕ್ಕಿಗೆ ಹೊರಡಬೇಕು, ತುರ್ತು ಇದ್ದರೆ ಮಾತ್ರ ಒಂದಕ್ಕೇ ಓಡಬೇಕು. ಮೊಪೆಡ್ಡಿನ ಪೆಟ್ರೋಲು ಅಷ್ಟರಮಟ್ಟಿಗೆ ಉಳಿಯಿತು, ಅವನ ಸೊಂಟವೂ ಉಳಿಯಿತು.

ಚಹಾದ್ದೂ ಹಾಗೇ. ಆ ಹೊತ್ತಿಗೆ ಚಹಾದಂಗಡಿಯಿಂದ ಪ್ಲಾಸ್ಟಿಕ್ ಲೋಟ ಬರತೊಡಗಿದ್ದವು. ಕುಡಿದು ಕಿಟಕಿಯಿಂದ ಎಸೆದರೆ ಬೇವಿನ ಮರದ ಕೆಳಗೆ ಗುಡ್ಡೆ. ದುರುಗಪ್ಪನ ಮನೆಯ ಆಡೊಂದು ಅದನ್ನು ಮೇದು ಹೊಟ್ಟೆ ಉಬ್ಬಿ ನರಳಿತು. ಪುಣ್ಯಕ್ಕೆ ಬದುಕಿತು. ಮಾರನೆಯ ದಿನ ನಾನು ಗೋಡೆಗೆ ಮೊಳೆ ಹೊಡೆದು, ಮೊಳೆಗೊಬ್ಬರ ಹೆಸರು ಬರೆದು, "ಯಾರ ಲೋಟ ಅವರು ತಂದು ನೇತು ಹಾಕಬೇಕು, ಯಾರ ಲೋಟ ಅವರು ತೊಳಕೋಬೇಕು" ಅಂದೆ. ಗಂಡಸರಿಗೆ ಲೋಟ ತರುವುದು ಕಷ್ಟವಾಗಲಿಲ್ಲ, ತೊಳೆಯುವುದು ಕಷ್ಟವಾಯಿತು. ತುಂಡು ವೈರುಗಳನ್ನು ಸುಟ್ಟು ತಾಮ್ರ ತೆಗೆಯುವ ಚಾಳಿಯೊಂದಿತ್ತು. ಆ ಕರಿ ಹೊಗೆ ನನ್ನ ಕಿಟಕಿಗೇ ಬರುತ್ತಿತ್ತು. ಜಗಳಾಡಿ ಅದನ್ನೂ ನಿಲ್ಲಿಸಿದೆ. ಸಣ್ಣ ತುಂಡುಗಳನ್ನು ನಮ್ಮ ಓಣಿಯ ಹೆಂಗಸರು ಒಯ್ದು ಬಣ್ಣಬಣ್ಣದ ಬುಟ್ಟಿ ಹೆಣೆದರು. ಅದರಲ್ಲೊಂದು ನಮ್ಮ ಮನೆಯಲ್ಲಿ ಈಗಲೂ ಈರುಳ್ಳಿ ಹೊತ್ತು ಕೂತಿದೆ. ಇದಕ್ಕೆಲ್ಲ ಪರಿಸರ ಅಂತ ಹೆಸರಿಡಬೇಕೆಂದು ನನಗೆ ಆಗ ಗೊತ್ತಿರಲಿಲ್ಲ. ಆಫೀಸಿನವರು ಇಟ್ಟ ಹೆಸರು ಬೇರೆ, "ಜಿಪುಣಿ ಕೊಟ್ರಕ್ಕ."

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ವರ್ಷ, ಬೇಸಿಗೆಗೆ ಮುಂಚೆ, ನಮ್ಮ ಇಂಜಿನಿಯರ್ ಜಯರಾಮಯ್ಯ ಸಾಹೇಬರು ನನ್ನನ್ನು ಕರೆದರು. ಮಂಡ್ಯ ಕಡೆಯವರು, ಒಳ್ಳೆಯ ಮನುಷ್ಯ, ಹೊಸದೆಲ್ಲ ಒಳ್ಳೆಯದೆಂದು ನಂಬಿದವರು.

"ಕೊಟ್ರಮ್ಮ, ಇನ್ಮೇಲೆ ದೂರೆಲ್ಲ ಆನ್‌ಲೈನು. ಫೋನ್ ಮಾಡಿದ್ರೆ ಮಷೀನೇ ಮಾತಾಡುತ್ತೆ, ಮಷೀನೇ ಬರ್ಕೊಳುತ್ತೆ, ಪ್ರಿಂಟು ಬರುತ್ತೆ. ಮೂರು ತಿಂಗಳು ನೋಡಿ ನಾನು ವರದಿ ಬರೀಬೇಕು. ಚೆನ್ನಾಗಿ ನಡೆದ್ರೆ ಈ ಕೋಣೆ ಮುಚ್ಚಿ ನಿಮ್ಮನ್ನ ಬಿಲ್ ಸೆಕ್ಷನ್ನಿಗೆ ಹಾಕ್ತೀವಿ. ಆರಾಮಾಗಿರಿ, ಯಾರೂ ಬೈಯಲ್ಲ" ಅಂದರು.

ಬೈಯುವವರೇ ಇಲ್ಲ ಅನ್ನುವುದು ನನಗೆ ಹಿತವಾಗಲಿಲ್ಲ. ಆ ಕುರ್ಚಿ ನನ್ನದು ಅನ್ನುವ ಆಸೆ ಒಂದು ಕಡೆ. ಫೋನು ಕೆಟ್ಟು ಕೈಕಾಲು ಬಿಟ್ಟವರಿಗೆ "ಏನಾತ್ರಿ?" ಅನ್ನುವ ಜೀವ ಇನ್ನು ಇರುವುದಿಲ್ಲವಲ್ಲ ಅನ್ನುವ ಸಂಕಟ ಇನ್ನೊಂದು ಕಡೆ. ಯಾವುದು ಹೆಚ್ಚು ಅಂತ ಕೇಳಿದರೆ, ಮೊದಲ ತಿಂಗಳಲ್ಲಿ ಮೊದಲನೆಯದೇ ಹೆಚ್ಚಿತ್ತು. ಸುಳ್ಳು ಯಾಕೆ ಹೇಳಲಿ?

ಮಷೀನು ಬಂದು ನನ್ನ ಮೇಜಿನ ಮೇಲೆಯೇ ಕೂತಿತು. ನನಗೆ ಮೂಲೆಯಲ್ಲಿ ಒಂದು ಸ್ಟೂಲು. ಅದರೊಳಗಿನ ಹುಡುಗಿ ತುಂಬ ಸೊಗಸಾಗಿ, "ದೂರು ದಾಖಲಿಸಲು ದಯವಿಟ್ಟು ಎರಡನ್ನು ಒತ್ತಿ" ಅನ್ನುತ್ತಿದ್ದಳು. ಯಾವ ಗುಂಡಿಯೂ ಮುಟ್ಟದಿದ್ದರೆ, "ನೀವು ಏನನ್ನೂ ಒತ್ತಿಲ್ಲ, ಧನ್ಯವಾದ" ಅಂತ ಇಟ್ಟುಬಿಡುತ್ತಿದ್ದಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇನ್ನೂ ತಿರುಗಿಸುವ ಫೋನು, ಒತ್ತಲು ಗುಂಡಿಯೇ ಇಲ್ಲ. ಒತ್ತಿದವರ ದೂರಿಗೆ ಒಂದೊಂದಕ್ಕೆ ಒಂದೊಂದು ಉದ್ದನೆಯ ಬಿಳಿ ಹಾಳೆ ಬರುತ್ತಿತ್ತು, ಹಾಳೆಯಲ್ಲಿ ಎರಡು ಸಾಲು. ಮಷೀನಿಗೆ ರಿಸೀವರ್ ಸೊಟ್ಟ ಕೂತದ್ದು ಗೊತ್ತಿಲ್ಲ, ದಿಕ್ಕೂ ಗೊತ್ತಿಲ್ಲ. ಬೆಳಿಗ್ಗೆ ಗುಡೇಕೋಟೆ, ಮಧ್ಯಾಹ್ನ ಕೊಟ್ಟೂರು, ಸಂಜೆ ಮತ್ತೆ ಗುಡೇಕೋಟೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ದುರುಗಪ್ಪ ಎರಡೂ ಕಡೆ ಎಳೆಸಿಕೊಂಡ. ತಿಂಗಳ ಪೆಟ್ರೋಲು ಹದಿನೆಂಟನೇ ತಾರೀಖಿಗೇ ಮುಗಿಯಿತು. ನನ್ನ ಸೀರೆಯ ಕಿಸೆಗಳು ಖಾಲಿ ನೇತಾಡುತ್ತಿದ್ದವು.

"ಯಕ್ಕಾ, ಸಾಹೇಬ್ರಿಗೆ ಹೇಳಬಾರದಾ?" ಅಂದ ದುರುಗಪ್ಪ.

"ನಾ ಯಾಕ ಹೇಳ್ಲಿ? ನಡೀಲಿ, ನೋಡೋಣು" ಅಂದೆ.

ಅಂದರೆ ನಾನು ಮಜಾ ನೋಡುತ್ತಾ ಕೂತಿದ್ದೆ. ಮಷೀನು ಎಷ್ಟು ಎಡವಿದರೆ ಅಷ್ಟು ನನ್ನ ಕುರ್ಚಿ ಗಟ್ಟಿ ಅಂತ ಲೆಕ್ಕ. ನನ್ನ ಕಣ್ಣ ಮುಂದೆ ಫೋನು ಬಂದು, "ಏನನ್ನೂ ಒತ್ತಿಲ್ಲ" ಆಗಿ, ಕಟ್ಟಾಗಿ ಹೋಗುತ್ತಿದ್ದರೂ ನಾನು ಸ್ಟೂಲಿನಿಂದ ಏಳಲಿಲ್ಲ. ಹಾಗೆ ಕಟ್ಟಾದ ಫೋನುಗಳಲ್ಲಿ ಬೋರಜ್ಜಿಯದೂ ಇತ್ತು ಅಂತ ಆಮೇಲೆ ತಿಳಿಯಿತು.

ಬೋರಜ್ಜಿಯ ಊರು ಗುಡೇಕೋಟೆಯ ಗುಡ್ಡದಾಚೆಯ ಒಂದು ಹಟ್ಟಿ. ಅಲ್ಲಿ ಇದ್ದದ್ದು ಊರಿಗೆಲ್ಲ ಒಂದೇ ಫೋನು. ಅದನ್ನು ಬೋರಜ್ಜಿಯ ಮನೆಯಲ್ಲಿ ಇಟ್ಟಿದ್ದರು, ಆ ಮನೆಯಲ್ಲಿ ಯಾವಾಗಲೂ ಒಬ್ಬರು ಇರುತ್ತಾರೆ ಅಂತ. ಹಟ್ಟಿಯ ಗಂಡಸರು ಕುರಿ ಹೊಡೆದುಕೊಂಡು ಗಂಗಾವತಿ ಕಡೆ, ಗದ್ದೆ ಕೊಯ್ದ ಬಯಲಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಸೋಮವಾರ ಸಂಜೆ ನಾಲ್ಕಕ್ಕೆ ಯಾವುದಾದರೂ ಊರಿನ ಬೂತಿನಿಂದ ಫೋನ್ ಮಾಡುತ್ತಾರೆ. ಆ ಹೊತ್ತಿಗೆ ಹಟ್ಟಿಯ ಹೆಂಗಸರೆಲ್ಲ ಬೋರಜ್ಜಿಯ ಕಟ್ಟೆಯ ಮೇಲೆ ತಲೆ ಬಾಚಿಕೊಂಡು ಕೂತಿರುತ್ತಾರಂತೆ. ಅಂಥ ಫೋನು ಸತ್ತು ಎರಡು ಸೋಮವಾರ ಕಳೆದಿತ್ತು.

ಮೂರನೆಯ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬೋರಜ್ಜಿ ಆಫೀಸಿಗೆ ಬಂದಳು. ಎತ್ತರದ, ಒಣಗಿದ ದೇಹ, ಹಣೆ ತುಂಬ ಭಂಡಾರದ ಅರಿಶಿನ. ನಾನು ಸ್ಟೂಲಿನ ಮೇಲಿದ್ದೆ, ದುರುಗಪ್ಪ ಲೋಟ ತೊಳೆಯುತ್ತಿದ್ದ, ಸಾಹೇಬರು ಪ್ರಿಂಟರಿಗೆ ಹಾಳೆ ತುಂಬುತ್ತಿದ್ದರು.

"ಫೋನಿನ್ಯಾಗ ಮಾತಾಡಾಕಿ ಯಾರು?" ಅಂದಳು.

ಅಜ್ಜಿ ನನ್ನನ್ನೇ ಅಂದುಕೊಂಡು ಹತ್ತಿರ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಜೊತೆ ಬೆಂಡೋಲೆ ತೆಗೆದು ಮೇಜಿನ ಮೇಲೆ ಇಟ್ಟಳು. ಅವಳ ಕಿವಿ ನೋಡಿದೆ, ತೂತಿನಲ್ಲಿ ಬೇವಿನ ಕಡ್ಡಿ.

"ತಗಾ ಯವ್ವ. ಎರಡು ಒತ್ತಿ ಅಂದೆಲ್ಲ, ಎರಡೂ ತಂದೀನಿ. ನಾಕ್ ಸಲ ಮಾಡಿಸೀನಿ ಗುಡೇಕೋಟಿ ಟೇಲರ್ ಅಂಗಡ್ಯಾಗ. ನಾಕ್ ಸಲಾನೂ 'ನೀ ಏನೂ ಒತ್ತಿಲ್ಲ' ಅಂತ ಇಟ್ಟಬಿಟ್ಟಿ. ಬಡವರ ಮ್ಯಾಲೆ ನಂಬಿಕಿ ಇಲ್ಲಂದ್ರ ಇಟಗಾ. ಫೋನ್ ಹಚ್ಚಿಕೊಡು, ಆಮ್ಯಾಗ ಬಿಡಿಸಿಗಂತೀನಿ."

ಸಾಹೇಬರು ಅಜ್ಜಿಯನ್ನೂ ಬೆಂಡೋಲೆಯನ್ನೂ ನೋಡಿದರು. "ಏನು, ಏನಂತಾರೆ ಇವರು?"

ದುರುಗಪ್ಪ ಕೈ ಒರೆಸಿಕೊಂಡು ಬಂದ. "ಸಾರ್, ಒತ್ತಿ ಅಂದ್ರ ನಮ್ಮ ಕಡೀಗೆ ಅಡ ಇಡೋದು ಸಾರ್. ಹೊಲ ಒತ್ತಿ ಹಾಕಿದ, ವಾಲಿ ಒತ್ತಿ ಇಟ್ಟ ಅಂತೀವಲ್ಲ, ಅದು. ನೀವು ಒತ್ತೆ ಅಂತೀರಿ, ನಾವು ಒತ್ತಿ ಅಂತೀವಿ. ಮಷೀನು ಎರಡನ್ನ ಒತ್ತಿ ಅಂತೈತಿ, ಅಜ್ಜಿ ಎರಡು ವಾಲಿ ತಂದಾಳ."

ನನಗೆ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು. ನಾಲ್ಕು ಸಲ ಆ ಫೋನು ನನ್ನ ಕೈಗೆ ಎಟುಕುವ ದೂರದಲ್ಲೇ ರಿಂಗಾಗಿತ್ತು. ಒಂದು ಸಲ ಎದ್ದು ಎತ್ತಿ "ಏನಾತ್ರಿ?" ಅಂದಿದ್ದರೆ ಈ ಮುದುಕಿ ಕಿವಿ ಬರಿದು ಮಾಡಿಕೊಂಡು ಬರುತ್ತಿರಲಿಲ್ಲ. ಮಷೀನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಷ್ಟು ನಾಚಿಕೆ ನನಗೆ ನೌಕರಿಯಲ್ಲಿ ಇನ್ಯಾವತ್ತೂ ಆಗಿಲ್ಲ.

ಸಾಹೇಬರು ಬೆಂಡೋಲೆಗಳನ್ನು ಎತ್ತಿ ಎರಡೂ ಕೈಯಿಂದ ಅಜ್ಜಿಗೆ ಕೊಟ್ಟರು. "ಅಮ್ಮಾ, ಇಟ್ಕೊಳಿ. ತಪ್ಪು ನಮ್ಮದು" ಅಂದರು. ನಾನು ಅಜ್ಜಿಯನ್ನು ನನ್ನ ಹಳೇ ಕುರ್ಚಿಯಲ್ಲಿ ಕೂರಿಸಿ, ನನ್ನ ಮೊಳೆಯ ಲೋಟದಲ್ಲೇ ಚಹಾ ಕೊಟ್ಟೆ. ಬೇವಿನ ಕಡ್ಡಿ ತೆಗೆದು ಬೆಂಡೋಲೆ ತಿರುವಿ ಹಾಕುವಾಗ, "ತಪ್ಪಾತಜ್ಜಿ" ಅಂದೆ.

"ತಪ್ಪಿರಲಿ ಬಿಡು, ಇವತ್ತು ಸೋಮಾರ. ನಾಕಕ್ಕ ಫೋನ್ ಬರತೈತಿ" ಅಂದಳು.

ಹಟ್ಟಿಗೆ ಮುಂದಿನ ಬಸ್ಸು ಮೂರಕ್ಕೆ. ದುರುಗಪ್ಪ ಮೊಪೆಡ್ ತಂದ. ಅಜ್ಜಿ ಹತ್ತಲೊಲ್ಲಳು. "ಗಂಡನ ಹಿಂದನೂ ಕುಂತಾಕ್ಯಲ್ಲ ನಾನು" ಅಂದಳು. "ನಾ ನಿನ್ನ ಮೊಮ್ಮಗ ಅಂದ್ಕೊಳಜ್ಜಿ" ಅಂದ ಐವತ್ತು ದಾಟಿದ ದುರುಗಪ್ಪ. ಕೊನೆಗೆ ಹತ್ತಿ, ಅವನ ಟವಲನ್ನು ಎರಡೂ ಕೈಯಲ್ಲಿ ಹಗ್ಗದಂತೆ ಹಿಡಿದು, ಹಿಂದೆ ತಿರುಗಿ ನೋಡದೆ ಹೋದಳು. ಗುಡೇಕೋಟೆ ಕಿಸೆಯಲ್ಲಿ ಹಾಕಬೇಕಾಗಿದ್ದ ಇನ್ನೂ ಮೂರು ದೂರುಗಳನ್ನು ಪ್ರಿಂಟಿನ ರಾಶಿಯಿಂದ ಆರಿಸಿ ಅವನ ಜೇಬಿಗೆ ತುರುಕಿದ್ದೆ.

ಮೂರೂ ಮುಕ್ಕಾಲಾಯಿತು. ಸಾಹೇಬರು ನನ್ನ ಕೋಣೆಗೇ ಬಂದು ಕೂತರು. ನಾಲ್ಕಾಯಿತು. ನಾಲ್ಕೂ ಹತ್ತಾಯಿತು. ನಾಲ್ಕೂ ಇಪ್ಪತ್ತಕ್ಕೆ ದೂರಿನ ಫೋನು ರಿಂಗಾಯಿತು. ಮಷೀನು ಬಾಯಿ ತೆರೆಯುವುದರೊಳಗೆ ನಾನು ಹಾರಿ ಎತ್ತಿದೆ.

"ಬಂತು ಯಕ್ಕಾ!" ದುರುಗಪ್ಪ ಕೂಗುತ್ತಿದ್ದ. "ಗುಡ್ಡದ ಕೆಳಗಿನ ಕಂಬದ ಡಬ್ಬಿ ತುಂಬ ಇರುವಿ ಗೂಡು ಕಟ್ಟಿದ್ವು. ಫೋನ್ ಹಚ್ಚಿ ಕೈ ತೆಗದಿಲ್ಲ, ಗಂಗಾವತಿಯಿಂದ ಬಂತು!" ಹಿಂದೆ ಹೆಂಗಸರ ಗದ್ದಲ, ನಗು. ಅಜ್ಜಿಯ ಧ್ವನಿ ಎಲ್ಲಕ್ಕಿಂತ ಮೇಲೆ, "ಆತು, ಇಡಲೇ ದುರುಗ, ಅತ್ತಾಗಿನಿಂದ ಮತ್ತ ಬರತೈತಿ!"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಗೋಡೆಯ ಸೀರೆಯ ಕಿಸೆಗಳನ್ನು ತೋರಿಸಿ, "ಇದೇನು ಕೊಟ್ರಮ್ಮ?" ಅಂದರು. ಒಂದು ವರ್ಷದಿಂದ ಅದೇ ಗೋಡೆಯ ಪಕ್ಕ ಓಡಾಡಿದವರು ಅವತ್ತು ಮೊದಲ ಸಲ ಕೇಳಿದ್ದು. ದಿಕ್ಕು, ಚೀಟಿ, ಪೆಟ್ರೋಲು, ಸೊಟ್ಟ ರಿಸೀವರು, ಎಲ್ಲ ಹೇಳಿದೆ. ಫೋನು ಕಟ್ಟಾಗುವುದನ್ನು ನೋಡುತ್ತಾ ಕೂತದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. "ನಾನೂ ಹಾಳೆ ತುಂಬ್ತಾ ಕೂತಿದ್ದೆನಲ್ಲಮ್ಮ" ಅಂದರು.

ಮೂರು ತಿಂಗಳ ವರದಿಯಲ್ಲಿ ಅವರು ಏನು ಬರೆದರೋ ನಾನು ಓದಿಲ್ಲ. ಕೋಣೆ ಮುಚ್ಚಲಿಲ್ಲ ಅನ್ನುವುದು ಮಾತ್ರ ಗೊತ್ತು. ಮಷೀನೂ ಉಳಿಯಿತು, ನಾನೂ ಉಳಿದೆ. ಗುಂಡಿ ಗೊತ್ತಿದ್ದವರಿಗೆ ಅದು, ಗೊತ್ತಿಲ್ಲದವರಿಗೆ ನಾನು. ಪ್ರಿಂಟು ನಿಂತು ಚೀಟಿ ಮತ್ತೆ ಶುರುವಾಯಿತು. ಎರಡೇ ಸಾಲು ಅಚ್ಚಾದ ಆ ಉದ್ದ ಹಾಳೆಗಳೇ ಮುಂದಿನ ಎರಡು ವರ್ಷಕ್ಕೆ ನನಗೆ ಚೀಟಿಯಾದವು. ಸಾಹೇಬರು ತಮ್ಮ ಹೆಸರಿನ ಮೊಳೆಗೆ ಒಂದು ಹಿತ್ತಾಳೆ ಲೋಟ ತಂದು ಹಾಕಿದರು, ತಾವೇ ತೊಳೆಯುತ್ತಿದ್ದರು ಕೂಡ.

ಆದರೆ ಮಷೀನಿನ ಮಾತು ಬದಲಾಗಬೇಕಲ್ಲ? "ಒತ್ತಿ ಅನ್ನೋದಕ್ಕೆ ನೀವೇನಂತೀರಿ?" ಅಂತ ಸಾಹೇಬರು ಕೇಳಿದರು. "ಅದುಮ್ರಿ ಅಂತೀವಿ ಸಾರ್" ಅಂದೆವು. ಹೊಸ ಮಾತು ನನ್ನಿಂದಲೇ ಹೇಳಿಸಿದರು. ಫ್ಯಾನು ಆರಿಸಿ, ಬಾಗಿಲು ಹಾಕಿ, ಮೂರು ಸಲ ಹೇಳಿದರೂ ಒಂದೊಂದು ವಿಘ್ನ. ನಾಲ್ಕನೆಯ ಸಲ ಎಲ್ಲ ಸರಿಹೋಯಿತು ಅನ್ನುವಾಗ ಬೀದಿಯಲ್ಲಿ ಗಾಡಿಯವನು "ಉಳ್ಳಾಗಡ್ಡೀ" ಅಂತ ಕೂಗಿದ. ಇದೇ ಇರಲಿ ಅಂತ ಸುಸ್ತಾಗಿ ಬಿಟ್ಟೆವು. ಟೆಲಿಫೋನ್ ಆಫೀಸಿನಲ್ಲಿ ಈರುಳ್ಳಿ ಹೇಗೆ ಕೊಡುತ್ತೀರಿ ಅಂತ ಹರಪನಹಳ್ಳಿಯಿಂದ ಒಬ್ಬರು ಕೇಳಿದ್ದೂ ಉಂಟು. ಆ ಮಾತು ಹೀಗಿತ್ತು:

"ಫೋನ್ ಕೆಟ್ಟಿದ್ರ ಎರಡರ ಗುಂಡಿ ಅದುಮ್ರಿ. ಗುಂಡಿ ಇಲ್ಲದಿದ್ರ, ಗೊತ್ತಾಗದಿದ್ರ, ಏನೂ ಮಾಡಬ್ಯಾಡ್ರಿ. ಸುಮ್ಮನ ಹಿಡ್ಕೊಂಡಿರ್ರಿ. ನಾವು ಮಾತಾಡ್ತೀವಿ."

ಅಂದಿನಿಂದ ಸೋಮವಾರ ಸಂಜೆ, ಗಂಗಾವತಿಯ ಮಾತು ಮುಗಿದ ಮೇಲೆ, ಒಂದು ಫೋನು ಬರುತ್ತಿತ್ತು. ಗುಂಡಿ ಅದುಮದೆ ಸುಮ್ಮನೆ ಹಿಡಿದುಕೊಂಡಿರುವ ಫೋನು.

"ಹೇಳ್ರಿ, ಏನ್ ಕಂಪ್ಲೇಂಟು?"

"ಏನಿಲ್ಲ ಬಿಡವ್ವ. ನೀ ಅದೀಯೋ ಇಲ್ಲೋ ಅಂತ ನೋಡಿದೆ."

"ಅದೀನಜ್ಜಿ."

"ಇರು" ಅಂತ ಇಡುತ್ತಿದ್ದಳು. ಆ ದೂರಿಗೆ ನಾನು ಯಾವತ್ತೂ ಚೀಟಿ ಬರೆಯಲಿಲ್ಲ.

ನನ್ನ ನೌಕರಿಯ ಕೊನೆಯ ದಿನವೂ ಸೋಮವಾರವೇ ಬಿತ್ತು. ನನ್ನ ಜಾಗಕ್ಕೆ ಬಂದ ಹುಡುಗಿಗೆ ಸೀರೆಯ ಕಿಸೆಗಳನ್ನು ತೋರಿಸಿ, ಅವಳ ಲೋಟಕ್ಕೆ ಮೊಳೆ ಹೊಡೆಸಿ, ಹಾರ ಹಾಕಿಸಿಕೊಂಡು ಕೂತಿದ್ದೆ. ಫೋನು ಬಂತು.

"ಅದೀಯೇನವ್ವ?"

"ಇವತ್ತ ಅದೀನಜ್ಜಿ. ನಾಳಿಂದ ನಾ ಇರಂಗಿಲ್ಲ, ರಿಟೈರ್ ಆದೆ. ಬ್ಯಾರೆ ಹುಡುಗಿ ಇರ್ತಾಳ."

ಅಜ್ಜಿಯ ಹಿಂದೆ ಯಾವುದೋ ಕುರಿಮರಿ ಕೂಗುತ್ತಿತ್ತು.

"ಆಕಿ ಮನುಷ್ಯಾಳು ಹೌದೋ ಅಲ್ಲೋ?"

ನಾನು ಆ ಹುಡುಗಿಯ ಮುಖ ನೋಡಿದೆ. ಮೊದಲ ದಿನದ ಹೆದರಿಕೆಗೆ ಅವಳ ಮೂಗಿನ ಮೇಲೆಲ್ಲ ಬೆವರು.

"ಹೌದಜ್ಜಿ" ಅಂದೆ.

"ಹಂಗಾರ ಅಡ್ಡಿಲ್ಲ ಬಿಡು. ಆಕೀಗೆ ಕೊಡು, ಮಾತಾಡ್ತೀನಿ."